ಮೊದಲ ಲೋಟ ಕಾಫಿ

ವೆಂಕಟಾಚಲಯ್ಯ ನೌಕಾಪಡೆಯಲ್ಲಿ ಹವಾಮಾನ ನೋಡುತ್ತಿದ್ದವರು. ಹಡಗಿನಿಂದ ಬಲೂನು ಹಾರಿಬಿಟ್ಟು, ಅದು ಕಣ್ಮರೆಯಾಗುವವರೆಗೂ ನೋಡಿ, ಮೇಲಿನ ಗಾಳಿ ಎತ್ತ ಬೀಸುತ್ತಿದೆಯೆಂದು ಹೇಳುವುದು ಅವರ ಕೆಲಸ. ನಿವೃತ್ತರಾಗಿ ಜಯನಗರಕ್ಕೆ ಬಂದ ಮೇಲೆ ಅದೇ ಕೆಲಸ ಮಾಡಿದ್ದ ಗೆಳೆಯರನ್ನು ಕೂಡಿಸಿ ಒಂದು ಸಂಘ ಕಟ್ಟಿದರು. ಸಭೆ ಅವರ ಮನೆಯ ತಾರಸಿಯಲ್ಲೇ. ಸಭೆ ಮುಗಿದಾಗ ಒಂದು ಬಲೂನು ಬಿಡುವರು. ಎಲ್ಲರಿಗಿಂತ ಹೆಚ್ಚು ಹೊತ್ತು ಅದು ಯಾರಿಗೆ ಕಾಣುತ್ತದೋ ಅವರಿಗೆ ಮೊದಲ ಲೋಟ ಕಾಫಿ. ಆ ಲೋಟ ಯಾವಾಗಲೂ ವೆಂಕಟಾಚಲಯ್ಯನವರದೇ.

ವಯಸ್ಸು ಎಂಬತ್ತೈದಾಗುವ ಹೊತ್ತಿಗೆ ಅವರ ಕಣ್ಣಿಗೆ ಪೊರೆ ಬಂತು. ಯಾರಿಗೂ ಹೇಳಲಿಲ್ಲ, ಕೇಳಿದವರ ಮೇಲೆ ರೇಗಿದರು. ಒಂದು ಭಾನುವಾರ ಸಭೆ ಮುಗಿದು ಬಲೂನು ಕೈಬಿಟ್ಟ ಕೂಡಲೇ ಅವರ ಪಾಲಿಗೆ ಮಾಯವಾಯಿತು. ಆದರೂ ಕತ್ತೆತ್ತಿ ನಿಂತೇ ಇದ್ದರು.

"ನಂಗೆ ಕಾಣ್ತಿಲ್ಲಪ್ಪ," ಎಂದರು ಜಯಸಿಂಹ.

"ನಂಗೂ ಅಷ್ಟೆ," ಎಂದರು ದೇವದಾಸ್. ಉಳಿದವರೂ ಒಬ್ಬೊಬ್ಬರಾಗಿ ಸೋಲೊಪ್ಪಿಕೊಂಡರು.

ಹೆಂಡತಿ ಸರಸ್ವತಿ ಮೊದಲ ಲೋಟ ತಂದುಕೊಟ್ಟು ಮೆಲ್ಲಗೆ ಕೇಳಿದರು, "ನಿಮಗೆ ನಿಜವಾಗ್ಲೂ ಕಾಣ್ತಿತ್ತಾ?"

"ಎಲ್ಲಿ ಕಾಣುತ್ತೆ? ಇವತ್ತು ಮೋಡ ಇಲ್ಲ, ಗಾಳಿ ಇಲ್ಲ. ಬಲೂನು ಇನ್ನೂ ನಮ್ಮ ತಲೆ ಮೇಲೇ ಇರುತ್ತೆ. ಇಷ್ಟು ವರ್ಷ ಸರ್ವೀಸ್ ಮಾಡಿದ್ದಾರೆ, ನೆಟ್ಟಗೆ ಒಂದು ಸುಳ್ಳು ಹೇಳೋಕೆ ಬರಲ್ಲ ಇವರಿಗೆ," ಎಂದು ಗೊಣಗಿದವರು, ಆ ಕಾಫಿಯನ್ನು ಒಂದು ತೊಟ್ಟೂ ಬಿಡದೆ ಕುಡಿದರು.