ಆಡಿದ ಮಾತು ಇರುವ ಜಾಗ

ಪ್ರಶ್ನೆ ಕೇಳುವ ಮುನ್ನ ಇಮಾಮಸಾಬರು ಎದ್ದು ನಿಲ್ಲುತ್ತಿದ್ದರು. ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ, ಎದುರಿನವರ ಮೂಗಿನ ಮುಂದೆಯೇ ಅಂಗೈಗೆ ಅಂಗೈ ಬಡಿಯುತ್ತಿದ್ದರು. ಮುಂಡಗೋಡದ ಗೋವಿನಜೋಳದ ವ್ಯಾಪಾರಿಯಾದ ಅವರು, ಟಿಬೆಟನ್ ಕಾಲೊನಿಗೆ ಖರೀದಿಗೆ ಹೋದಾಗ ಮಠದ ಅಂಗಳದಲ್ಲಿ ಭಿಕ್ಷುಗಳು ಹೀಗೆ ವಾದಿಸುವುದನ್ನು ಕಂಡು ಇದನ್ನು ರೂಢಿಸಿಕೊಂಡಿದ್ದರು. ಕೇಳುವವನು ನಿಲ್ಲಬೇಕು, ಉತ್ತರಿಸುವವನು ಕೂಡಬೇಕು. ಹಳಿಯಾಳದಲ್ಲಿ ತರ್ಕಶಾಸ್ತ್ರ ಕಲಿಸಿ ನಿವೃತ್ತನಾದ ನಾನು ಅವರ ಅಂಗಡಿಗೆ ಹೋದಾಗಲೆಲ್ಲ ನನ್ನನ್ನು ಜೋಳದ ಚೀಲದ ಮೇಲೆ ಕೂಡಿಸಿಯೇ ಮಾತಿಗೆಳೆಯುತ್ತಿದ್ದರು.

ಪದವಿಯಿಲ್ಲದೆ, ಯಾರ ಹಂಗೂ ಇಲ್ಲದೆ ಅವರು ಜೀವಮಾನವಿಡೀ ಶೋಧಿಸಿದ್ದು ಒಂದನ್ನೇ: ಆಡಿದ ಮಾತು ಆಮೇಲೆ ಎಲ್ಲಿರುತ್ತದೆ? ಎಲ್ಲಿಯೂ ಇರುವುದಿಲ್ಲವೆಂಬುದು ಅವರ ಸಿದ್ಧಾಂತ. ಆದ್ದರಿಂದ ಒಮ್ಮೆ ಆಡಿದ್ದನ್ನು ಮತ್ತೆ ಆಡುತ್ತಿರಲಿಲ್ಲ. ಗಿರಾಕಿ "ಏನಂದ್ರಿ?" ಎಂದರೆ, "ಅದು ಹೋತ್ರಿ. ಈಗ ಅಂದ್ರ ಬ್ಯಾರೇದ ಆಗತೈತಿ" ಎನ್ನುತ್ತಿದ್ದರು.

ನಾನು ಒಪ್ಪಲಿಲ್ಲ. ಧಾರವಾಡದ ಒಂದು ವಿಚಾರಸಂಕಿರಣದಲ್ಲಿ ನಾನು ಪ್ರಬಂಧ ಓದಲು ಎದ್ದಾಗ, ಶಾಲು ಹೊದ್ದ ಅಧ್ಯಕ್ಷರು "ಹಳಿಯಾಳದಲ್ಲಿ ತರ್ಕವೂ ಬೆಳೆಯುತ್ತದೆಯೇ?" ಎಂದಿದ್ದರು. ಮುಂದಿನ ಸಾಲಿನಲ್ಲಿ ಯಾರು ಮೊದಲು ನಕ್ಕರೆಂಬುದೂ ನನಗೆ ನೆನಪಿದೆ. ಆ ಮಾತು ಇಂದಿಗೂ ಕಿವಿಯಲ್ಲಿದೆ ಎಂದೆ.

ಇಮಾಮಸಾಬರು ಅಂಗೈ ಬಡಿದರು. "ಅಂವ ಒಮ್ಮೆ ಅಂದು, ಚಹಾ ಕುಡದು, ಮರತ. ಆಮ್ಯಾಲಿಂದ ಅದನ್ನ ದಿನಾ ಅನ್ನಾಕತ್ತಾವ್ರು ಯಾರ್ರಿ ಮಾಸ್ತರ್ರ?"

"ನಾನಂತೂ ಅಲ್ಲ."

"ಹಂಗಾರ ಅಂವ ದಿನಾ ಹಳಿಯಾಳ ಬಸ್ ಹತ್ತಿ ಬಂದು ಅಂದು ಹೋಗ್ತಾನೇನು?"

ಚೀಲ ಹೊರುತ್ತಿದ್ದ ಹಮಾಲರೂ ನಕ್ಕರು. ಅದನ್ನೂ ನಾನು ಮರೆತಿಲ್ಲ. ಇಷ್ಟು ಕಾಲ ನನ್ನನ್ನು ಅವಮಾನಿಸುತ್ತ ಬಂದದ್ದು ಅಧ್ಯಕ್ಷರೋ ನಾನೋ ಎಂಬ ಸಂಶಯ ಅಂದಿನಿಂದ ನನ್ನನ್ನು ಕೊರೆಯತೊಡಗಿತು.

ಕೊನೆಯ ಸಲ ಅವರನ್ನು ಕಂಡದ್ದು ಮಳಗಿ ಎಂಬ ಊರಿನಲ್ಲಿ, ಅವರ ಮಗಳ ಮನೆಯಲ್ಲಿ. ಕಾಯಿಲೆ ಬಿದ್ದು ದಿಂಬಿಗೊರಗಿ ಕುಳಿತಿದ್ದರು. ಈ ಬಾರಿ ನಿಂತವನು ನಾನು, ಅಂಗೈ ಬಡಿದು ಕೇಳಿದೆ: "ಸಾಹೇಬರೇ, ಆ ಮಾತು ಅನ್ನುತ್ತಿರುವವನು ನಾನೇ ಎಂಬುದಕ್ಕೆ ಪುರಾವೆ ಏನು?"

ಅವರು ದಿಂಬನ್ನು ಸರಿಪಡಿಸಿಕೊಂಡರು. "ನಾ ಹೋದ ಮ್ಯಾಲೆ ಸಿಗತೈತಿ ತೊಗೋರಿ. ಆವಾಗೂ ನನ್ನ ಮಾತು ಕೇಳಿಸ್ತಂದ್ರ, ಅನ್ನಾವ್ರು ನೀವ. ಕುಂದರ್ರಿ, ಚಹಾ ಬರ್ತೈತಿ."

ಆ ವರ್ಷದ ಮಳೆಗಾಲಕ್ಕೆ ಮೊದಲೇ ಅವರು ತೀರಿಕೊಂಡರು. ಈಗ ಅಧ್ಯಕ್ಷರ ಮಾತು ನನಗೆ ಕೇಳಿಸುವುದಿಲ್ಲ. ಬೆಳಿಗ್ಗೆ ಪತ್ರಿಕೆ ಬಿಡಿಸಿ ಕುಳಿತರೆ ಬೆನ್ನ ಹಿಂದೆ ಎಡಗಾಲು ನೆಲಕ್ಕೆ ಅಪ್ಪಳಿಸುತ್ತದೆ, ಅಂಗೈ ಬಡಿಯುತ್ತದೆ: "ಯಾರ್ರಿ ಮಾಸ್ತರ್ರ?" ಬದುಕಿದ್ದಾಗ ಒಂದು ಮಾತನ್ನು ಎರಡು ಸಲ ಆಡದವರು ದಿನವೂ ಅದನ್ನೇ ಕೇಳುತ್ತಾರೆ. ಅವರ ಸಿದ್ಧಾಂತದಂತೆ ಆ ಸದ್ದು ಮಾಡುತ್ತಿರುವವನು ನಾನೇ. ಆದರೆ ಆಗ ನನ್ನ ಎರಡೂ ಕೈಗಳು ಪತ್ರಿಕೆಯನ್ನು ಹಿಡಿದಿರುತ್ತವೆ.