ಬಾಬಣ್ಣ ಬೈರಾಸು ತೆಗೆದ ಹಾಡು

ಹೋದ ತಿಂಗಳ ಒಂದು ಸೋಮವಾರ. ಸಂಜೆ ಐದು ಗಂಟೆ. ನಾನು ಜಗಲಿಯಲ್ಲಿ ಕೂತು ಹಾರ್ಮೋನಿಯಂ ಬಾರಿಸುತ್ತಿದ್ದೆ. ಪಣಂಬೂರಿನ ಬಾಬಣ್ಣ ಗೇಟು ತೆರೆದು ಒಳಗೆ ಬಂದ. ಎರಡು ನಿಮಿಷ ನಿಂತು ಕೇಳಿದ. ಆಮೇಲೆ ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿದ.

ನನ್ನ ಎದೆ ಉಬ್ಬಿತು. (ನಿಮ್ಮದಾದರೂ ಉಬ್ಬುತ್ತಿತ್ತು.) ಬಾಬಣ್ಣ ಎಂದರೆ ಯಾರು? ಮಳೆ ಹಿಡಿಯುವವರೆಗೂ ಕಡಲಿನಲ್ಲಿ ಬಲೆ ಎಳೆಯುವವನು. ಮದುವೆಯ ಸೀಸನ್ ಬಂತೆಂದರೆ ಬಲೆಯನ್ನು ತಮ್ಮಂದಿರಿಗೆ ಬಿಟ್ಟು, ಕೆಂಪು ಕೋಟು ಹಾಕಿ ಬ್ಯಾಂಡಿನ ಮುಂದೆ ನಿಂತು ಕಾರ್ನೆಟ್ ಊದುವವನು. ಅಂಥ ಮನುಷ್ಯ ನನ್ನ ವಾದ್ಯಕ್ಕೆ ತಲೆ ಬಗ್ಗಿಸಿದ! ಇನ್ನೆರಡು ಸುತ್ತು ಜಾಸ್ತಿಯೇ ಬಾರಿಸಿ ಮುಗಿಸಿದೆ.

"ಯಾರು ತೀರಿಕೊಂಡದ್ದು ಮಾಸ್ಟ್ರೇ?" ಎಂದು ಬಾಬಣ್ಣ ಮೆಲ್ಲಗೆ ಕೇಳಿದ.

"ಯಾರೂ ಇಲ್ಲ. ಯಾಕೆ?"

"ಮತ್ತೆ ಇದು ಹೆಣದ ಮುಂದೆ ಊದುವ ಹಾಡಲ್ವಾ ಮಾರಾಯ್ರೇ?"

ಓದುಗರೇ, ಆ ಹಾಡನ್ನು ನಾನು ಬಾರಿಸುತ್ತಿದ್ದದ್ದು ಪಕ್ಕದ ಮನೆಯ ಲಿಲ್ಲಿಯ ಮದುವೆಗಾಗಿ. ಮದುಮಗ ಮತ್ತು ಮದುಮಗಳು ಎಲ್ಲರೆದುರು ಮಾಡುವ ಮೊದಲ ಡ್ಯಾನ್ಸಿಗೆ. ಅದನ್ನು ಆರಿಸಿದ ಮಹಾನುಭಾವ ನಾನೇ. ಮದುವೆ ಬುಧವಾರ.

ಇದು ಆದದ್ದು ಹೇಗೆ? ಕೇಳಿ. ನಗುವವರು ನಗಬಹುದು. ನನ್ನ ಹೆಂಡತಿ ಕಮಲ ಈಗಾಗಲೇ ನಿಮ್ಮೆಲ್ಲರ ಪಾಲಿನದ್ದನ್ನೂ ನಕ್ಕಾಗಿದೆ.

ನಾವು ಫಳ್ನೀರಿನ ಈ ಬಾಡಿಗೆ ಮನೆಗೆ ಬಂದದ್ದು ಈ ವರ್ಷವೇ, ಕುಂಭ ಮಾಸದ ಕೊನೆಗೆ. ಹಿತ್ತಿಲಿನ ಆಚೆ ಒಂದು ಹಂಚಿನ ಶೆಡ್ಡು. ಬ್ಯಾಂಡಿನವರು ವಾರಕ್ಕೆ ಎರಡು ಸಂಜೆ ಅಲ್ಲಿ ಅಭ್ಯಾಸ ಮಾಡುತ್ತಿದ್ದರು. ಅವರ ಒಂದು ಹಾಡು ನನ್ನನ್ನು ಹಿಡಿದುಹಾಕಿತು. ನಿಧಾನ, ಗಂಭೀರ, ಕೊನೆಗೆ ಮೇಲೆ ಏರಿ ಹಾಗೇ ಕೆಳಗೆ ಇಳಿಯುವುದು. ಕೇಳುವಾಗ ಮೈ ಜುಂ ಎನ್ನುತ್ತಿತ್ತು. ಮದುವೆ ಬ್ಯಾಂಡಿನವರು ಅಲ್ಲವೇ, ಮದುವೆಯ ಹಾಡೇ ಇರಬೇಕು ಎಂದುಕೊಂಡೆ.

ನನಗೆ ಗೊತ್ತಿಲ್ಲದ ವಿಷಯ ಒಂದೇ. ಈಸ್ಟರಿಗೆ ಮೊದಲಿನ ನಲವತ್ತು ದಿನ ಕ್ರಿಶ್ಚನ್ನರಿಗೆ ಉಪವಾಸದ ಕಾಲ. ಆಗ ಅವರಲ್ಲಿ ಮದುವೆಯೇ ಇಲ್ಲ! ಮದುವೆ ಇಲ್ಲದ ಮೇಲೆ ಬ್ಯಾಂಡಿನವರು ಮದುವೆಯ ಹಾಡು ಯಾಕೆ ಅಭ್ಯಾಸ ಮಾಡುತ್ತಾರೆ? ಸಾವಿಗೆ ಮಾತ್ರ ಉಪವಾಸ ಇಲ್ಲ. ಹಾಗಾಗಿ ಅವರು ಆ ದಿನಗಳಲ್ಲಿ ಊದುತ್ತಿದ್ದದ್ದೆಲ್ಲ ದುಃಖದ ಹಾಡುಗಳೇ. ಈಸ್ಟರ್ ಕಳೆದದ್ದೇ ತಡ, ದಿನಕ್ಕೊಂದು ಮದುವೆ ಎಂದು ಅವರು ಊರೂರು ಸುತ್ತಲು ಹೊರಟರು, ಶೆಡ್ಡಿಗೆ ಬೀಗ ಬಿತ್ತು. ನನ್ನ ಕಿವಿಯಲ್ಲಿ ಉಳಿದದ್ದು ಆ ನಲವತ್ತು ದಿನಗಳ ಸಂಗೀತ ಮಾತ್ರ.

ಪಕ್ಕದ ಮನೆಯ ಕಾರ್ಮಿನ್ ಬಾಯಮ್ಮ ವಿಧವೆ. ಗಂಡ ತೀರಿಕೊಂಡು ಮೂರು ವರ್ಷ. ಒಬ್ಬಳೇ ಮಗಳು ಲಿಲ್ಲಿ. ನಾವು ಸಾಮಾನು ಇಳಿಸಿದ ದಿನ ಒಲೆ ಹೊತ್ತಿಸುವ ಮೊದಲೇ ಬೇಲಿಯ ಮೇಲಿಂದ ಗಂಜಿ, ಚಟ್ನಿ ದಾಟಿಸಿದವರು ಅವರು. "ಜಾತಿ ಗೀತಿ ನೋಡ್ತೀರಾದ್ರೆ ವಾಪಸ್ ಕೊಡಿ, ಬೇಜಾರಿಲ್ಲ" ಎಂದಿದ್ದರು. ಕಮಲ ಪಾತ್ರೆಯನ್ನು ಮಾತ್ರ ವಾಪಸ್ ಕೊಟ್ಟಳು, ತೊಳೆದು. (ನಾವೆಲ್ಲ ಮಾತಾಡುವುದು ತುಳುವಿನಲ್ಲಿ. ಸಂಪಾದಕರು ಬಿಡುವುದಿಲ್ಲವಾದ್ದರಿಂದ ಇಲ್ಲಿ ಕನ್ನಡ.)

ಎಪ್ರಿಲ್ ಕೊನೆಗೆ ಬಾಯಮ್ಮ ಒಂದು ಕಾಗದ ಹಿಡಿದು ಬಂದರು. ಬೊಂಬಾಯಿಯ ರೈಲ್ವೆ ಆಫೀಸಿನಲ್ಲಿರುವ ಮದುಮಗ ರೇಮಂಡ್ ಬರೆದದ್ದು. ಮಳೆ ಹಿಡಿದು ಬೊಂಬಾಯಿ ಹಡಗು ನಿಲ್ಲುವ ಮೊದಲು ಮದುವೆ ಆಗಬೇಕು. ಊಟಕ್ಕೆ ಮೊದಲು ಚಪ್ಪರದ ನಡುವೆ ತಾನೂ ಲಿಲ್ಲಿಯೂ ಒಂದು ವಾಲ್ಟ್ಸ್ ಮಾಡಬೇಕು. ಬೊಂಬಾಯಿಯಲ್ಲಿ ಈಗ ಎಲ್ಲರೂ ಹಾಗೆಯೇ ಮಾಡುತ್ತಾರಂತೆ. ಹಾಡನ್ನು ಲಿಲ್ಲಿಯೇ ಆರಿಸಲಿ. ಕಾಗದದ ಹಿಂಬದಿಯಲ್ಲಿ ಪುಣ್ಯಾತ್ಮ ಹೆಜ್ಜೆಗಳ ಚಿತ್ರವನ್ನೂ ಬರೆದಿದ್ದ. ಎಡಗಾಲು ಇಲ್ಲಿ, ಬಲಗಾಲು ಅಲ್ಲಿ, ಒಂದು, ಎರಡು, ಮೂರು.

"ಅವನ ಅಕ್ಕಂದಿರೆಲ್ಲ ಬರ್ತಾರೆ ಮಾಸ್ಟ್ರೇ. ಬೊಂಬಾಯಿಯವರು. ನಮ್ಮ ಹುಡುಗಿ ಅಷ್ಟು ಜನರ ಎದುರು ಎಡವಿದ್ರೆ ಜೀವಮಾನ ಇಡೀ ಹೇಳ್ತಾರೆ. ನಿಮಗೆ ಸಂಗೀತ ಗೊತ್ತುಂಟಲ್ಲ, ಒಂದು ಹಾಡು ನೋಡಿ ಕೊಡಿ" ಎಂದರು ಬಾಯಮ್ಮ.

ನನಗೆ ಸಂಗೀತ ಗೊತ್ತುಂಟು ಎಂದು ಅವರಿಗೆ ಹೇಳಿದವರು ಯಾರು? ನಾನೇ. ಇದೇ ಅಂಕಣದಲ್ಲಿ ನಾಲ್ಕು ಸಲ ಬರೆದಿದ್ದೇನೆ.

ಶಾಲೆಗೆ ರಜೆ. ಉತ್ಸಾಹಕ್ಕೆ ಬರವಿಲ್ಲ. ಬ್ಯಾಂಡಿನ ಆ ಹಾಡನ್ನು ಹಾರ್ಮೋನಿಯಂ ಮೇಲೆ ಹುಡುಕಿ ಹಿಡಿದೆ. ಭಜನೆಗೆ ಬಾರಿಸಿ ಅಭ್ಯಾಸವಿದ್ದ ಕೈ. ನಾಲ್ಕರ ನಡೆಯನ್ನು ಮೂರಕ್ಕೆ ತಿರುಗಿಸಿದೆ, ಅಲ್ಲಲ್ಲಿ ನಮ್ಮ ಕಡೆಯ ಒಂದೆರಡು ಕುಸುರಿ ಸೇರಿಸಿದೆ. ಬಾಯಮ್ಮನ ಅಂಗಳದಲ್ಲಿ ಕೂತು ಮೊದಲ ಸಲ ಬಾರಿಸಿದಾಗ ಲಿಲ್ಲಿಯ ಕಣ್ಣು ತುಂಬಿತು. ಹುಡುಗಿ ಎದ್ದು ಒಳಗೆ ಹೋದಳು.

"ನೋಡು, ಸಂಗೀತ ಅಂದರೆ ಹೀಗಿರಬೇಕು" ಎಂದೆ ಕಮಲನಿಗೆ.

ಆವತ್ತಿನಿಂದ ಮೂರು ವಾರ, ದಿನಾ ಸಂಜೆ ಅಭ್ಯಾಸ. ಅಂಗಳದಲ್ಲಿ ಸುಣ್ಣದಿಂದ ಹೆಜ್ಜೆಗಳನ್ನು ಬರೆದೆವು. ಮದುಮಗನ ಪಾತ್ರ ಕಮಲನದ್ದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಲಿಲ್ಲಿಯ ಕೈ ಹಿಡಿದು, "ಒಂದು, ಎರಡು, ಮೂರು, ಅಯ್ಯೋ ನನ್ನ ಕಾಲು!" ಎಂದು ಸುತ್ತುತ್ತಿದ್ದಳು. "ನೀವಂತೂ ಧಾರೆಯ ದಿನ ಕಂಬದ ಹಾಗೆ ನಿಂತಿದ್ದಿರಿ. ನನಗೆ ಈಗಲಾದರೂ ಕುಣಿಯುವ ಭಾಗ್ಯ ಬಂತು" ಎಂದು ನನಗೆ ಮಾತು ಬೇರೆ. ಲಿಲ್ಲಿ ಮೊದಲ ವಾರ ಎಡವಿದಳು, ಎರಡನೇ ವಾರ ನಕ್ಕಳು, ಮೂರನೇ ವಾರ ಸುಣ್ಣದ ಗುರುತು ನೋಡದೆ ತಿರುಗಿದಳು. ಆದರೆ ಆ ಒಂದು ಹಾಡಿಗೆ ಮಾತ್ರ. ಬೇರೆ ಏನು ಬಾರಿಸಿದರೂ ಅವಳ ಕಾಲು ನೆಲಕ್ಕೆ ಅಂಟುತ್ತಿತ್ತು.

ಇನ್ನು ಬ್ಯಾಂಡಿನವರಿಗೆ ಹಾಡು ತಿಳಿಸುವುದಷ್ಟೇ ಬಾಕಿ. ಅದಕ್ಕಾಗಿ ನಾನೇ ಬಾಬಣ್ಣನಿಗೆ ಹೇಳಿ ಕಳಿಸಿದ್ದು. ಬಂದವನು ಬೈರಾಸು ತೆಗೆದು ನಿಂತ.

ಈಗ ನನ್ನ ಸ್ಥಿತಿ ಯೋಚಿಸಿ. ಮದುವೆಗೆ ಉಳಿದಿರುವುದು ನಡುವಿನ ಒಂದೇ ದಿನ. ಹಾಡು ಬದಲಾಯಿಸಿದರೆ ಹುಡುಗಿ ಬೊಂಬಾಯಿಯವರ ಎದುರು ಎಡವುತ್ತಾಳೆ. ಬದಲಾಯಿಸದಿದ್ದರೆ ಮದುವೆ ಚಪ್ಪರದಲ್ಲಿ ಹೆಣದ ಹಾಡು. ತಂದೆಯಿಲ್ಲದ ಹುಡುಗಿ, ನಮಗೆ ಮೊದಲ ದಿನ ಗಂಜಿ ಕೊಟ್ಟ ಮನೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಹೋಗಿ ಹೇಳಿ. ಕೂತರೆ ಹಾಡು ಬದಲಾಗ್ತದಾ?" ಎಂದಳು ಕಮಲ. ಆಗ ಅವಳು ನಗಲಿಲ್ಲ. ಅದಕ್ಕೂ ಅವಳಿಗೆ ನಾನು ಋಣಿ.

ಬಾಬಣ್ಣನನ್ನೂ ಕರೆದುಕೊಂಡು ಹೋದೆ. ಬಾಯಮ್ಮ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು.

"ಬಾಯಮ್ಮ, ನನ್ನಿಂದ ದೊಡ್ಡ ತಪ್ಪಾಗಿದೆ. ಆ ಹಾಡು ಉಂಟಲ್ಲ, ಅದು..."

"ಗೊತ್ತುಂಟು ಮಾಸ್ಟ್ರೇ" ಎಂದರು ಬಾಯಮ್ಮ. ಕೈ ಅಕ್ಕಿಯ ಮೇಲೆಯೇ ಇತ್ತು.

"ಗೊತ್ತುಂಟಾ? ಯಾವಾಗಿನಿಂದ?"

"ನೀವು ಮೊದಲ ಸಲ ಬಾರಿಸಿದ ದಿನದಿಂದ. ಲಿಲ್ಲಿಯ ಪಪ್ಪನನ್ನು ಈ ಮೆಟ್ಟಿಲಿಂದ ಇಳಿಸುವಾಗ ಊದಿದ್ದು ಅದನ್ನೇ. ಆ ದಿನ ಯಾರು ಬಂದರು, ಎಂತ ಹೇಳಿದರು, ಒಂದೂ ನೆನಪಿಲ್ಲ. ಹಾಡು ಮಾತ್ರ ನೆನಪುಂಟು."

ಸಂಗೀತದ ಮಹಿಮೆ ಎಂದು ನಾನು ಬೀಗಿದ ಆ ಹುಡುಗಿಯ ಕಣ್ಣೀರು ಯಾವುದೆಂದು ಆಗ ತಿಳಿಯಿತು.

"ಮತ್ತೆ ಯಾಕೆ ಹೇಳಲಿಲ್ಲ ನನಗೆ?"

"ಹೇಳ್ಲಿಕ್ಕೆ ಹೊರಟಿದ್ದೆ. ಲಿಲ್ಲಿ ಬಿಡಲಿಲ್ಲ. ಅಡುಗೆ ಕೋಣೆಯಲ್ಲಿ ಕೂತು ಅತ್ತಳು. ಆಮೇಲೆ ಕಣ್ಣು ಒರೆಸಿ ಅವಳೇ ಹೇಳಿದಳು. ಆವತ್ತು ಆ ಹಾಡು ಪಪ್ಪನನ್ನು ಕರ್ಕೊಂಡು ಹೋಯ್ತು ಮಮ್ಮಾ, ಮಾಸ್ಟ್ರು ಬಾರಿಸುವಾಗ ವಾಪಸ್ ಕರ್ಕೊಂಡು ಬರುವ ಹಾಗೆ ಉಂಟು, ಬೇಡ ಅಂತ ಹೇಳ್ಬೇಡಿ, ಅಂತ."

ಬಾಬಣ್ಣ ಮೆಟ್ಟಿಲ ಬಳಿ ಬೈರಾಸನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದ. "ಬಾಯಮ್ಮ, ನೀವು ಹೇಳುವುದೆಲ್ಲ ಸರಿ. ಆದ್ರೆ ಬ್ಯಾಂಡಿಗೊಂದು ಕ್ರಮ ಉಂಟು. ಆ ಹಾಡನ್ನು ನಾವು ಮದುವೆ ಚಪ್ಪರದಲ್ಲಿ ಮುಟ್ಟುವುದೇ ಇಲ್ಲ. ಶುಭಕ್ಕೆ ಕೂಡದು. ನಾಳೆ ಹೆಚ್ಚುಕಡಿಮೆ ಆದ್ರೆ ಜನ ನನಗೆ ಹೇಳ್ತಾರೆ."

"ಆವತ್ತು ಮುಂದೆ ನಿಂತು ಊದಿದ್ದು ಯಾರು ಬಾಬಣ್ಣ?" ಎಂದರು ಬಾಯಮ್ಮ.

"ನಾನೇ."

"ಹಾಗಾದ್ರೆ ಕರ್ಕೊಂಡು ಬರುವವನೂ ನೀನೇ. ಬೇರೆ ಯಾರಿಗೆ ಹೇಳ್ಲಿ?"

ಬಾಬಣ್ಣ ಬೈರಾಸನ್ನು ಪುನಃ ತಲೆಗೆ ಸುತ್ತಿದ. ಆಮೇಲೆ ಹೆಗಲ ಚೀಲದಿಂದ ಕಾರ್ನೆಟ್ ತೆಗೆದ. ನಾನು ಓಡಿಹೋಗಿ ಹಾರ್ಮೋನಿಯಂ ತಂದೆ.

ಆದರೆ ಹಾಡು ಜಪ್ಪಯ್ಯ ಎಂದರೂ ಬೇಗ ಹೋಗಲಿಲ್ಲ. ಬಾಬಣ್ಣ ಚುರುಕಾಗಿ ಸುರು ಮಾಡಿದರೂ ನಾಲ್ಕು ಸ್ವರ ಕಳೆಯುವಾಗ ಅದು ಮತ್ತೆ ಸ್ಮಶಾನದ ದಾರಿ ಹಿಡಿಯುತ್ತಿತ್ತು. "ಬೆರಳು ಓಡ್ತದೆ ಮಾಸ್ಟ್ರೇ, ಉಸಿರು ಓಡುವುದಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ" ಎಂದು ಬೆವರು ಒರೆಸಿದ. ನಾನು ತಾಳ, ಲಯ ಎಂದು ಏನೇನೋ ಉಪದೇಶ ಮಾಡಿದೆ. ಪ್ರಯೋಜನವಾಗಲಿಲ್ಲ.

ಅಷ್ಟರಲ್ಲಿ ಬೇಲಿ ದಾಟಿ ಬಂದ ಕಮಲ ಕೇಳಿದಳು, "ಬಾಬಣ್ಣ, ಬಲೆ ತುಂಬಾ ಮೀನು ಬಿದ್ದ ದಿನ ಹೇಗೆ ಎಳೀತೀರಿ? ಹೀಗೆಯಾ?"

ಬಾಬಣ್ಣ ಗೊಳ್ಳೆಂದು ನಕ್ಕ. ಎದ್ದು ನಿಂತ. ಮರಳಿನಲ್ಲಿ ಹಿಮ್ಮಡಿ ಊರಿ ಬಲೆ ಎಳೆಯುವವನ ಹಾಗೆ ಕಾಲು ಹಾಕಿದ, ಹಿಂದೆ ವಾಲಿ ತೂಗಿದ, ಊದಿದ. ಹಾಡು ಎದ್ದು ಬಂತು! ಲಿಲ್ಲಿ ಒಳಗಿನಿಂದ ಓಡಿ ಬಂದು ಕಮಲನ ಕೈ ಹಿಡಿದಳು. ಸುಣ್ಣದ ಹೆಜ್ಜೆಗಳೆಲ್ಲ ಅಳಿಸಿಹೋಗುವವರೆಗೂ ಇಬ್ಬರೂ ಸುತ್ತಿದರು. ಬಾಯಮ್ಮ ಅಕ್ಕಿಯ ಗೆರಸೆ ಪಕ್ಕಕ್ಕಿಟ್ಟು ಚಪ್ಪಾಳೆ ತಟ್ಟಿದರು.

ಬುಧವಾರ ಇಗರ್ಜಿಯಲ್ಲಿ ಮದುವೆ ಆಯಿತು. ಅಂಗಳದ ಚಪ್ಪರಕ್ಕೆ ಎಲ್ಲರೂ ಬಂದರು. ಅಡುಗೆ ಮನೆಯಿಂದ ಬಿಸಿ ಸನ್ನದ, ಅವರ ಕಳ್ಳು ಹಾಕಿದ ಇಡ್ಲಿಯ, ಪರಿಮಳ. ರೇಮಂಡ್ ಲಿಲ್ಲಿಯ ಕೈ ಹಿಡಿದು ನಡುವೆ ನಿಂತ. ಬೊಂಬಾಯಿಯ ಅಕ್ಕಂದಿರು ಕುರ್ಚಿ ಮುಂದೆ ಎಳೆದರು.

ಬಾಬಣ್ಣ ಊದಿದ. ಎರಡನೇ ಸಾಲಿನಲ್ಲಿದ್ದ ಒಬ್ಬ ಮುದುಕರು ಥಟ್ಟನೆ ಎದ್ದು ಹ್ಯಾಟು ತೆಗೆದರು. ನನ್ನ ಜೀವ ಬಾಯಿಗೆ ಬಂತು. ಅವರು ಆಚೆ ನೋಡಿದರು, ಈಚೆ ನೋಡಿದರು. ಯಾರೂ ಎದ್ದಿಲ್ಲ. ನಡುವೆ ಹುಡುಗಿ ನಗುತ್ತಾ ತಿರುಗುತ್ತಿದ್ದಾಳೆ. ಮುದುಕರು ಹ್ಯಾಟನ್ನು ಪುನಃ ತಲೆಗಿಟ್ಟು ಕೂತರು. ಸ್ವಲ್ಪ ಹೊತ್ತಿನಲ್ಲಿ ಅವರ ಕೈಯ ಬೆತ್ತ ನೆಲಕ್ಕೆ ತಾಳ ಹಾಕಲು ಸುರು ಮಾಡಿತು.

ಎಡವಿದ್ದು ಯಾರು ಗೊತ್ತೇ? ರೇಮಂಡ್! ಬೊಂಬಾಯಿಯ ವಾಲ್ಟ್ಸಿಗೆ ಪಣಂಬೂರಿನ ಬಲೆಯ ಎಳೆತ ಗೊತ್ತಿಲ್ಲವಲ್ಲ. ಲಿಲ್ಲಿ ಅವನನ್ನು ಹಿಡಿದು ನಿಲ್ಲಿಸಿ, ಕಿವಿಯಲ್ಲಿ ಒಂದು-ಎರಡು-ಮೂರು ಹೇಳುತ್ತಾ ನಡೆಸಿದಳು. ಅಕ್ಕಂದಿರು ಬಿದ್ದು ಬಿದ್ದು ನಕ್ಕರು, ತಮ್ಮನನ್ನು ನೋಡಿ.

ಹಾಡು ಮುಗಿಯುವಾಗ ಲಿಲ್ಲಿ ಮನೆಯ ಮೆಟ್ಟಿಲ ಕಡೆ ಒಮ್ಮೆ ನೋಡಿದಳು. ಅಳಲಿಲ್ಲ. ಬಾಯಮ್ಮನೂ ಅಳಲಿಲ್ಲ. ಅತ್ತದ್ದು ನಾನು. "ಒಲೆಯ ಹೊಗೆ ಇಷ್ಟು ದೂರ ಬಂತಾ?" ಎಂದು ಕಮಲ ತನ್ನ ಸೆರಗಿನ ತುದಿ ಕೊಟ್ಟಳು.

ಆಮೇಲೆ ಯೋಚಿಸಿದೆ. ಮೂರು ವಾರ ನಾನು ದಿನಾ ಆ ಮನೆಯ ಅಂಗಳದಲ್ಲಿ ಕೂತು ಅವರ ಸಾವಿನ ಹಾಡನ್ನು ಅವರಿಗೇ ಕಲಿಸಿದೆ, ಅದೂ ಎಷ್ಟು ಜಂಬದಿಂದ! ಅವರು ದಿನಾ ನನಗೆ ಬೆಲ್ಲದ ಕಾಫಿ ಕೊಟ್ಟರು. ಒಂದು ಮಾತಿನಲ್ಲಿ ನನ್ನನ್ನು ಕುಗ್ಗಿಸಬಹುದಿತ್ತು. ಕುಗ್ಗಿಸಲಿಲ್ಲ. ನನ್ನ ತಪ್ಪಿನೊಳಗೆ ತಮಗೆ ಬೇಕಾದದ್ದನ್ನು ಹುಡುಕಿಕೊಂಡು, ಕೊನೆಗೆ ಬೇಲಿಯ ಬಳಿ ಬಂದು ನನಗೇ ಕೈ ಮುಗಿದರು. ನಾವು ಉಪಕಾರ ಮಾಡಿದೆವು ಎಂದು ಬೀಗುವಾಗ ನಮಗೆ ಎಷ್ಟು ಜನ ಹೀಗೆ ಸದ್ದಿಲ್ಲದೆ ಉಪಕಾರ ಮಾಡಿರುತ್ತಾರೋ! ಬಾಯಮ್ಮ ಕನ್ನಡ ಓದುವುದಿಲ್ಲ. ಆದರೂ ಇಲ್ಲೇ ಹೇಳುತ್ತೇನೆ. ಬಾಯಮ್ಮ, ನಿಮ್ಮ ಋಣ ದೊಡ್ಡದು. ಲಿಲ್ಲಿಯದ್ದೂ, ಬಾಬಣ್ಣನದ್ದೂ. (ಕಮಲನದ್ದನ್ನು ಬರೆದರೆ ಅವಳು ಓದುತ್ತಾಳೆ.)

ಲಿಲ್ಲಿ ಕೊನೆಯ ಹಡಗಿನಲ್ಲಿ ಬೊಂಬಾಯಿಗೆ ಹೋದಳು. ಆದರೆ ನನಗೊಂದು ತಾಪತ್ರಯ ಉಳಿದಿದೆ. ಮೊನ್ನೆ ನಮ್ಮ ಬೀದಿಯಲ್ಲಿ ಒಂದು ಶವಯಾತ್ರೆ ಹೋಯಿತು. ಬ್ಯಾಂಡಿನವರು ಅದೇ ಹಾಡನ್ನು ಅದರ ಹಳೆಯ ನಡೆಯಲ್ಲೇ ಊದುತ್ತಿದ್ದರು. ನಾನು ಗೇಟಿನ ಬಳಿ ಗೌರವದಿಂದ ನಿಂತಿದ್ದೆ. ನನ್ನ ಎಡಗಾಲು ತಾನಾಗಿಯೇ ಒಂದು, ಎರಡು, ಮೂರು ಎಂದು ಸುರು ಮಾಡಿತು. ಕಮಲ ಚಿವುಟದಿದ್ದರೆ ಮಾನ ಹೋಗುತ್ತಿತ್ತು. ಕಾರ್ನೆಟ್ ಬಾಯಲ್ಲಿದ್ದ ಬಾಬಣ್ಣ ನನ್ನ ಕಾಲನ್ನು ನೋಡಿ, ಬೇಗನೆ ಆಚೆ ಮುಖ ತಿರುಗಿಸಿದ.

ಮರುದಿನ ಅವನನ್ನು ಕಂಡು ಒಂದು ಮಾತು ತೆಗೆದುಕೊಂಡಿದ್ದೇನೆ. ನನ್ನ ಸರದಿ ಬಂದಾಗ ಅವನೇ ಮುಂದೆ ನಿಂತು ಊದಬೇಕು, ಆ ಹಾಡನ್ನೇ, ಆದರೆ ಲಿಲ್ಲಿಯ ಮದುವೆಯ ವೇಗದಲ್ಲಿ. ಹೆಗಲು ಕೊಡುವವರು ಸ್ವಲ್ಪ ಬೇಗ ಹೆಜ್ಜೆ ಹಾಕಬೇಕಾದೀತು, ಕಷ್ಟವಾಗಲಿಕ್ಕಿಲ್ಲವಲ್ಲ?