ಮೀನು ಬರೋವರ್ಗೂ ಯಾರೂ ಉಣ್ಲಿಲ್ಲ

ನಿಮ್ಗೆ ಯಾವತ್ತಾದ್ರೂ ಹಿಂಗಾಗೈತಾ? ಗೊತ್ತಿಲ್ದಿರೋ ಊರಾಗೆ ಬಾಡಿಗೆ ಮನೆ ಮಾಡ್ಕೊಂಡು, ನಿಮ್ಮನೆ ಒಲೆ ಮೇಲಿನ ವಾಸ್ನೆಗೆ ಅಕ್ಕಪಕ್ಕದೋರು ಮೂಗು ಮುಚ್ಕೊಂಡಿದ್ದು? ನಮ್ಗಾಗೈತೆ. ಎಪ್ಪತ್ತರ ದಶಕದಾಗೆ, ಹೊಸದುರ್ಗ ತಾಲ್ಲೂಕು ಶ್ರೀರಾಂಪುರದಾಗೆ.

ನಾವು ಘಟ್ಟದ ಕೆಳಗ್ನೋರು. ಮನ್ಯಾಗೆ ತುಳು. ನಮ್ಮಪ್ಪಂಗೆ ದನದ ಆಸ್ಪತ್ರೆ ಕಾಂಪೌಂಡರ್ ಕೆಲ್ಸ, ಅದಕ್ಕೇ ಇಲ್ಲಿಗೆ ಬಂದಿದ್ದು. ಕುರಿಗೆ ಸೂಜಿ ಚುಚ್ತಿದ್ದ ಅಂತ ಊರೋರೆಲ್ಲ ಅವನ್ನ ಡಾಕ್ಟ್ರೇ ಅಂತಿದ್ರು, ಅಪ್ಪ ಬ್ಯಾಡ ಅಂದಿದ್ದು ನಾನಂತೂ ಕೇಳಿಲ್ಲ. ನಮ್ಮಮ್ಮನ ಕತೆ ಬ್ಯಾರೆ. ಆಕೆ ಮಾತೇ ಈ ಊರೋರಿಗೆ ನಗು. "ಉಂಟು", "ಹೋಗುವ", "ಎಂತ" ಅಂತ ಪುಸ್ತಕ ಓದ್ದಂಗೆ ಮಾತಾಡೋಳು. ಮುದ್ದೆ ಮಾಡಕ್ ಹೋದ್ರೆ ಗಂಟು ಗಂಟು. ಊರಿಂದ ತಂದಿದ್ದ ಕುಚ್ಚಲಕ್ಕಿ ಮೂಟೆ ತಳ ಕಾಣ್ತಾ ಬಂದಂಗೆಲ್ಲ ಅಮ್ಮನ ಮುಖ ಸಣ್ಣಗಾಗ್ತಿತ್ತು. ಇನ್ನ ಒಣಮೀನು ಸುಟ್ಟ ದಿನ, ಎದುರುಮನೆ ಹೆಂಗಸು ಬೀದ್ಯಾಗೆ ನಿಂತು ಏನೋ ಸತ್ತೈತೆ ನೋಡ್ರಿ ಅಂತ ಎಲ್ರಿಗೂ ಕೇಳೋ ಹಂಗೆ ಹೇಳಿದ್ಲು.

ಮನೆ ಓನರ್ ಒಬ್ಬ ಅಜ್ಜಿ. ಕುರಿ ಸಾಕೋ ಮನೆತನ. ಗಂಡ ಸತ್ತು ಬಾಳ ವರ್ಷ ಆಗಿತ್ತು, ಮಗ ಸೊಸೆ ಮೊಮ್ಮಕ್ಕಳು, ಜೊತೆಗೊಬ್ಬ ಮೈದುನ. ನಾವು ಅವ್ರ ಮನೆ ಪಕ್ಕದ ಎರಡು ಅಂಕಣದ ಮನ್ಯಾಗೆ ಇದ್ವಿ. ಅಜ್ಜಿ ಬಾಯಿ ಜೋರು, ಆದ್ರೆ ಒಣಮೀನಿನ ಬಗ್ಗೆ ಒಂದು ಮಾತೂ ಆಡ್ಲಿಲ್ಲ. ನಂಗದು ಆವಾಗ್ಲೇ ಗೊತ್ತಾಗಿತ್ತು, ಯಾಕಂದ್ರೆ ಮಕ್ಳು ಇಂಥದ್ದನ್ನೆಲ್ಲ ನೋಡ್ತಾನೇ ಇರ್ತಾವೆ.

ಆ ವರ್ಷ ಮಳೆಗಾಲದಾಗೆ ಊರಿಂದ ತಂತಿ ಬಂತು. ನಮ್ಮಜ್ಜಿ, ಅಂದ್ರೆ ಅಮ್ಮನ ಅಮ್ಮ, ತೀರ್ಕೊಂಡಿದ್ಲು. ಘಟ್ಟದಾಗೆ ಗುಡ್ಡ ಕುಸ್ದು ರಸ್ತೆ ಬಂದ್. ಅಮ್ಮ ಮಣ್ಣಿಗೂ ಹೋಗಕ್ಕಾಗ್ಲಿಲ್ಲ, ಆಮೇಲಿನ ಕಾರ್ಯಕ್ಕೂ ಹೋಗಕ್ಕಾಗ್ಲಿಲ್ಲ. ನಮ್ಮ ಕಡೆ ಸತ್ತೋರಿಗೆ ಬಡಿಸೋದು ಅಂತ ಐತೆ, ಮಗಳು ತನ್ನ ಕೈಯಾರೆ ಅಡ್ಗೆ ಮಾಡಿ ಬಡಿಸ್ಬೇಕು. ಅದು ಆಗ್ಲೇ ಇಲ್ಲ. ಅವತ್ತಿಂದ ಅಮ್ಮ ಮೀನು ಮುಟ್ಲಿಲ್ಲ. ಗಂಜಿ, ಉಪ್ಪಿನಕಾಯಿ, ಮುಗೀತು. ತನ್ನಮ್ಮ ಹಸ್ಕೊಂಡೇ ಹೋದ್ಲು ಅಂತ ತುಳುನಾಗೆ ಒಬ್ಳೇ ಗೊಣಗ್ತಿದ್ಲು. ನಂಗೆ ಭಯ ಆಗ್ತಿತ್ತು. ಸೀರೆ ಆಕೆ ಮೈಮೇಲೆ ನಿಲ್ತಿರ್ಲಿಲ್ಲ, ಅಷ್ಟು ಇಳ್ದುಹೋಗಿದ್ಲು.

ಮಾಲಯ ಅಮಾಸೆ ಹತ್ರ ಬಂತು. ಇಲ್ಲಿ ಅದನ್ನ ಹಿರೇರ ಹಬ್ಬ ಅಂತಾರೆ. ಸತ್ತೋರಿಗೆ ಏನೇನು ಇಷ್ಟಾನೋ ಅದನ್ನೆಲ್ಲ ಮಾಡಿ ಎಡೆ ಇಡೋದು. ಬಾಡೂಟ, ಕಡುಬು, ಹೊಸಬಟ್ಟೆ, ಬೀಡಿ ಸೇದ್ತಿದ್ದೋರಿಗೆ ಬೀಡಿ. ಇಟ್ಟು ಬಾಗ್ಲು ಹಾಕ್ಕೊಂಡು ಎಲ್ರೂ ಹೊರಗೆ ಕುಂತ್ಕೋಬೇಕು, ಹಿರೇರು ಉಂಡ್ಮೇಲೆ ಬದ್ಕಿರೋರು ಉಣ್ಣೋದು. ಅಲ್ಲಿವರ್ಗೂ ಹನಿ ನೀರು ಬಿಟ್ರೆ ಏನೂ ಇಲ್ಲ.

ಎಡೆಗೆ ಅಂತ ಕಡುಬಿನ ಹಿಟ್ಟು ಬೀಸ್ತಾ ಮನೆ ಓನರ್ ಅಜ್ಜಿ ಅಮ್ಮನ್ನ ಕೇಳಿದ್ಲು, ನಿಮ್ಮವ್ವಂಗೆ ಏನು ಇಷ್ಟ ಅಂತ. ಮೀನು ಸಾರು, ಕುಚ್ಚಲಕ್ಕಿ ಅನ್ನ ಅಂದ್ಲು ಅಮ್ಮ. ಹಂಗಾದ್ರೆ ನಮ್ಮೋರ ಪಕ್ಕದಾಗೇ ಒಂದೆಲೆ ಹಾಕಾಣ ಅಂದ್ಲು ಅಜ್ಜಿ. ಮೈದುನಪ್ಪಂಗೆ ಇದು ಸರಿಬರ್ಲಿಲ್ಲ. ಯಾವೂರೋ ಯಾವ ಜನಾನೋ, ನಮ್ಮ ಹಿರೇರ ಸಾಲಿನಾಗೆ ಹೆಂಗೆ ಕುಂದ್ರಿಸ್ತೀಯ ಅಂತ ತಕರಾರು ತೆಗ್ದ.

"ನಿಮ್ಮಣ್ಣ ಬದ್ಕಿದ್ದಾಗ ಬಸ್‌ಸ್ಟ್ಯಾಂಡಿನಾಗೆ ಸಿಕ್ಕೋರನ್ನೆಲ್ಲ ಕರ್ಕೊಂಬಂದು ಉಣ್ಣಕ್ಕಿಕ್ತಿದ್ದ. ಸತ್ಮೇಲೆ ಬುದ್ಧಿ ಬಂದಿರ್ತೈತೇನಲೇ?" ಅಂದ್ಲು ಅಜ್ಜಿ. ಅವ್ನು ಕಂಬ್ಳಿ ಕೊಡವಿ ಎದ್ದೋದ.

ಸರಿ, ಮೀನೆಲ್ಲಿ? ಸಮುದ್ರದ್ದಂತೂ ಆಗದ ಮಾತು. ಮಾರಿಕಣಿವೆ ಡ್ಯಾಮಿನಾಗೆ ಸಿಗ್ತೈತೆ ಅಂದ್ರು. ಹಬ್ಬದ ದಿನ ಬೆಳಿಗ್ಗೆ ಅಪ್ಪ ಫಸ್ಟ್ ಬಸ್ಸಿಗೆ ಹೊಸದುರ್ಗ, ಅಲ್ಲಿಂದ ಹಿರಿಯೂರು ಬಸ್ ಹತ್ತಿ ಹೊಂಟ. ಹಿರೇರಿಗೆ ಅಂತ ಹೇಳ್ರಿ, ಯಾರೂ ತಡೆಯಲ್ಲ ಅಂತ ಅಜ್ಜಿ ಹೇಳೇ ಕಳ್ಸಿದ್ಲು.

ಮಧ್ಯಾಹ್ನ ಆಯ್ತು. ಅಜ್ಜಿ ಮನ್ಯಾಗೆ ಅಡ್ಗೆ ಎಲ್ಲ ರೆಡಿ. ಮಸಾಲೆ ವಾಸ್ನೆ ಅಂಗಳದ ತುಂಬ. ಅಮ್ಮ ಒರಳಿನಾಗೆ ಕಾಯಿ, ಮೆಣಸಿನಕಾಯಿ ರುಬ್ಬಿಟ್ಟು, ಕುಚ್ಚಲಕ್ಕಿ ಬೇಯಿಸಿ, ಬಾಗ್ಲ ಹತ್ರ ನಿಂತಿದ್ಲು. ಅಪ್ಪ ಬರ್ಲಿಲ್ಲ. ಹೊತ್ತು ವಾಲಿತು. ಮಕ್ಳು ಅಳಕ್ಕೆ ಶುರು ಮಾಡಿದ್ವು. ಮೈದುನಪ್ಪ ಜಗಲಿ ಮೇಲೆ ಕುಂತು ಸುಮ್ಸುಮ್ನೆ ಕೆಮ್ತಿದ್ದ. ಅಮ್ಮಂಗೆ ಪ್ರಾಣ ಹೋದಂಗಾಗಿತ್ತು. ಅಜ್ಜಿ ಹತ್ರ ಹೋಗಿ ಮೆಲ್ಲಗೆ ಹೇಳಿದ್ಲು, "ನೀವು ಎಡೆ ಇಡಿ ಅಜ್ಜಿ. ನಮ್ಮದು ಬಿಡಿ."

"ಎಲೆ ಹಾಕಿದ್ಮೇಲೆ ಒಬ್ರಿಗೆ ಬಡಿಸಿ ಒಬ್ರನ್ನ ಬಿಡಾಕಾಗ್ತೈತಾ? ಕುಂತ್ಕ ತಾಯಿ, ಬರ್ಲಿ."

ಅಷ್ಟೇ. ಇಡೀ ಮನೆ ನಮ್ಮಜ್ಜಿಗೋಸ್ಕರ ಉಪವಾಸ ಕುಂತ್ಕೊಂತು. ಆಕೆ ಮುಖ ಕೂಡ ಅವ್ರ್ಯಾರೂ ನೋಡಿರ್ಲಿಲ್ಲ.

ಆಗಿದ್ದೇನಂದ್ರೆ, ಅಪ್ಪಂಗೆ ಸಂಕೋಚ ಜಾಸ್ತಿ. ಚೀಲದಿಂದ ನೀರು ಸೋರ್ತೈತೆ ಅಂತ ಕಂಡಕ್ಟರ್ ಬೈದಾಗ ಬಾಯೇ ಬಿಡ್ದಂಗೆ ದಾರಿ ಮಧ್ಯೆ ಇಳ್ಕೊಂಡ್ಬಿಟ್ಟಿದ್ದ. ಬಿಸಿಲಿನಾಗೆ ನಡ್ಕೊಂಡು ಬರ್ತಾ ಒಂದು ಈರುಳ್ಳಿ ಲಾರಿಗೆ ಕೈ ಅಡ್ಡ ಹಾಕಿದ. ಡ್ರೈವರೂ ಚೀಲ ನೋಡಿ ಆಗಲ್ಲ ಅಂದ. ಆವಾಗ ಅಪ್ಪನ ಬಾಯಿಂದ ಬಂತು, ಹಿರೇರಿಗೆ ಎಡೆ ಇಡ್ಬೇಕು ಅಂತ. ಆ ಡ್ರೈವರ್ ಮೊದ್ಲೇ ಬೊಗಳಕ್ಕೇನಾಗಿತ್ತು ಹತ್ರೀ ಅಂತ ಬೈದು ಹತ್ತಿಸ್ಕೊಂಡು, ಹೊಸದುರ್ಗಕ್ಕೆ ಇಳಿಸ್ಬೇಕಾದೋನು ಸೀದಾ ಶ್ರೀರಾಂಪುರದವರ್ಗೂ ಬಿಟ್ಟೋದ.

ಲಾರಿ ಸದ್ದು ಕೇಳಿ ಮೊದ್ಲು ಎದ್ದು ಓಡಿದ್ದು ಯಾರು ಗೊತ್ತಾ? ಆ ಮೈದುನಪ್ಪ. ಚೀಲ ಕಿತ್ಕೊಂಡು ತಂದು, ತಾನೇ ಕುಂತು ಮೀನು ಉಜ್ಜಿ ಕೊಟ್ಟ. ಹೊಟ್ಟೆ ಹಸಿವಿಗೋ ಏನೋ, ಕೇಳಕ್ಕೆ ಯಾರ್ಗೂ ಪುರ್ಸೊತ್ತಿರ್ಲಿಲ್ಲ.

ಅಮ್ಮ ಸಾರು ಇಳಿಸೋ ಹೊತ್ತಿಗೆ ದೀಪ ಹಚ್ಚಿದ್ರು. ಅಜ್ಜಿ ಗಂಡನ ಎಲೆ ಪಕ್ಕದಾಗೆ ನಮ್ಮಜ್ಜಿ ಎಲೆ. ಅಮ್ಮನೇ ಬಡಿಸಿದ್ಲು. ಬಾಗ್ಲು ಹಾಕಿ ಎಲ್ರೂ ಹೊರಗೆ ಕುಂತ್ವಿ. ಸ್ವಲ್ಪ ಹೊತ್ತಾದ್ಮೇಲೆ ಅಜ್ಜಿ ಕೆಮ್ಮಿ, ಬಾಗ್ಲು ತಟ್ಟಿ, ತೆಗ್ದು ಒಳಗೋದ್ಲು. ಎಲೆ ಬಗ್ಗಿ ನೋಡಿ ತಿರುಗಿದ್ಲು.

"ನಿಮ್ಮವ್ವ ಉಂಡ್ಲು ಕಣವ್ವ. ಇನ್ನ ನೀನು ಉಣ್ಣು."

ಅಮ್ಮ ಅತ್ಲು. ಮಳೆಗಾಲದಿಂದ ತಡ್ಕೊಂಡಿದ್ದೆಲ್ಲ ಬಂತು. ಅಜ್ಜಿ ಬೆನ್ನು ನೀವ್ತಾ ಕುಂತಿದ್ಲು. ಆಮೇಲೆ ಮೂಗು ಒರೆಸ್ಕೊಂಡು ಅಮ್ಮ ಅಂದ್ಲು, "ನಮ್ಮ ಅಮ್ಮ ಬೈದಿರ್ತಾಳೆ ಅಜ್ಜಿ. ಅವಳಿಗೆ ಕೆರೆ ಮೀನು ಆಗುವುದೇ ಇಲ್ಲ, ಕೆಸರು ವಾಸನೆ ಅಂತ."

"ಬೈಕಂಡು ಉಂಡಿರ್ತಾಳೆ ಬಿಡು," ಅಂದ್ಲು ಅಜ್ಜಿ. ಅಮ್ಮ ನಕ್ಕಿದ್ದು ನಾನು ಕಣ್ಣಾರೆ ನೋಡ್ದೆ. ಎಲೆ ಮುಂದೆ ಕುಂತು ಮೀನಿನ ಮುಳ್ಳು ಬಿಡಿಸಿ ಮೊದ್ಲ ತುತ್ತು ಬಾಯಿಗಿಟ್ಕೊಂಡ್ಲು. ಅಪ್ಪ ಗೋಡೆಗೆ ಒರಗಿ ಕಣ್ಮುಚ್ಚಿದ. ನಾನು ನನ್ನ ಎಲೆ ಮರ್ತು ಆಕೆ ತಿನ್ನೋದನ್ನೇ ನೋಡ್ತಾ ಕುಂತಿದ್ದೆ. ಅಬ್ಬಾ, ಆ ನೆಮ್ಮದಿ! ಇವತ್ತಿಗೂ ಎದೆ ತಣ್ಣಗಾಗ್ತೈತೆ.

ಮೈದುನಪ್ಪ ಎರಡ್ನೇ ಸಲ ಮೀನು ಸಾರು ಹಾಕಿಸ್ಕೊಂಡ. ಮೊದ್ಲ ಸಲ ಬಡಿಸ್ದಾಗ ವಾಸ್ನೆ ಅಂತ ಮುಖ ಕಿವುಚಿದ್ದೋನು.

ಮುಂದೆ ಅಪ್ಪಂಗೆ ಹೊಳಲ್ಕೆರೆಗೆ ವರ್ಗ ಆಯ್ತು, ನಾನು ಈ ಸೀಮ್ಯಾಗೇ ಬೆಳ್ದೆ, ನನ್ನ ಮಾತೂ ಇಲ್ಲಿದೇ ಆಯ್ತು. ಅಮಾಸೆ ದಿನ ನಮ್ಮನ್ಯಾಗೂ ಎಲೆ ಹಾಕ್ತೀವಿ. ಈಗ ಅದ್ರಾಗೆ ಶ್ರೀರಾಂಪುರದ ಅಜ್ಜಿಗೂ ಒಂದು ಐತೆ, ಕಡುಬು, ಎಲೆ ಅಡಿಕೆ, ಆಕೆ ಜಗೀತಿದ್ದ ಕಡ್ಡಿಪುಡಿ.

ನೀವೂ ಯಾವುದಾದ್ರೂ ಪರ ಊರಿನಾಗೆ ಇದ್ದು ಬಂದಿರ್ತೀರಿ. ನಿಮ್ಮೋರಿಗೆ ಅಂತ ಜಾಗ ಬಿಟ್ಕೊಟ್ಟ ಅಕ್ಕಪಕ್ಕದೋರು ಯಾರಾದ್ರೂ ಇದ್ರಾ? ಅವತ್ತು ಎಲೆ ಮೇಲೆ ಏನಿತ್ತು? ಸುಮ್ನೆ ಓದ್ಕೊಂಡು ಹೋಗ್ಬ್ಯಾಡ್ರಿ, ಕೆಳಗೆ ಬರೀರಿ. ಒಂದೊಂದೂ ಕುಂತು ಓದ್ತೀನಿ.